ಸಾಕುಮನೆಯ ಮಗು ಮತ್ತು ಹೆತ್ತವರ ಭೇಟಿ

ಶ್ರೀಕೃಷ್ಣನಿಗೆ ಇಬ್ಬರು ತಾಯಂದಿರು. ಹೆತ್ತವಳು ದೇವಕಿ, ಸಾಕಿದವಳು ಯಶೋದೆ. ಈ ಕಥೆಯನ್ನು ಕೇಳದೆ ಬೆಳೆದ ಕನ್ನಡ ಮನೆ ವಿರಳ. ಆದರೆ ಒಂದು ಪ್ರಶ್ನೆ ಆ ಕಥೆಯಲ್ಲಿ ಏಳುವುದೇ ಇಲ್ಲ. ದೇವಕಿ ಮಧುರೆಯ ಸೆರೆಮನೆಯಲ್ಲಿ ಉಳಿದಳು. ಮಗು ಗೋಕುಲದಲ್ಲಿ ಬೆಳೆಯಿತು. ತಿಂಗಳಿಗೆರಡು ಬಾರಿ ದೇವಕಿಯನ್ನು ಗೋಕುಲಕ್ಕೆ ಕರೆತಂದು, ಒಂದು ಗಂಟೆಯ ಕಾಲ ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಬಿಟ್ಟು, ಮತ್ತೆ ಹಿಂದಕ್ಕೆ ಕಳುಹಿಸಿದ್ದರೆ ಆ ಮಗು ಏನು ಮಾಡುತ್ತಿತ್ತು? ಯಶೋದೆಯ ಮನಸ್ಸು ಹೇಗಿರುತ್ತಿತ್ತು? ದೇವಕಿ ಹೊಸ್ತಿಲು ದಾಟುವ ಆ ಕ್ಷಣದಲ್ಲಿ ಮಗುವಿಗೆ ಯಾರು, ಏನು ಹೇಳಬೇಕಾಗಿತ್ತು?

ಪುರಾಣಕ್ಕೆ ಅಗತ್ಯವಿಲ್ಲದ ಈ ಪ್ರಶ್ನೆಗಳು ಇಂದಿನ ಮಕ್ಕಳ ಕಲ್ಯಾಣ ಸಮಿತಿಗಳ ಮುಂದೆ ನಿಜವಾದ ಪ್ರಶ್ನೆಗಳಾಗಿ ನಿಂತಿವೆ. ಹೆತ್ತವರಿಂದ ಬೇರ್ಪಟ್ಟು ಬೇರೊಂದು ಮನೆಯಲ್ಲಿ ಬೆಳೆಯುತ್ತಿರುವ ಮಗು ತನ್ನ ತಂದೆತಾಯಿಯರನ್ನು ಕಾಣಬೇಕೆ? ಕಾಣುವುದಾದರೆ ಎಲ್ಲಿ, ಎಷ್ಟು ಸಲ, ಯಾರ ಸಮ್ಮುಖದಲ್ಲಿ? ಆ ಸಮ್ಮುಖದಲ್ಲಿ ಕುಳಿತವರ ಕರ್ತವ್ಯವೇನು? ಈ ವಿಷಯ ಕಾನೂನಿನದ್ದೆಂದು ತೋರಿದರೂ ಮೂಲತಃ ಮಗುವಿನ ಆರೋಗ್ಯದ್ದು. ದೇಹದಷ್ಟೇ ಮನಸ್ಸಿನ ಆರೋಗ್ಯದ್ದು.

ಪೋಷಕತ್ವ ಎಂದರೇನು?

ತಂದೆತಾಯಿಯರ ದೀರ್ಘ ಕಾಯಿಲೆ, ಮನೋವ್ಯಾಧಿ, ಕುಡಿತ, ಸೆರೆವಾಸ ಅಥವಾ ಕ್ರೌರ್ಯದ ಕಾರಣದಿಂದ ಮಗು ಸ್ವಂತ ಮನೆಯಲ್ಲಿರಲು ಸಾಧ್ಯವಾಗದ ಸಂದರ್ಭಗಳುಂಟು. ಆಗ ಅದನ್ನು ಆಶ್ರಮಕ್ಕೋ ಬಾಲಮಂದಿರಕ್ಕೋ ಸೇರಿಸುವ ಬದಲು ಇನ್ನೊಂದು ಕುಟುಂಬದ ವಶಕ್ಕೆ ನಿಯಮಿತ ಕಾಲ ಒಪ್ಪಿಸುವ ಪದ್ಧತಿಗೆ ಪೋಷಕತ್ವ ಅಥವಾ ಫಾಸ್ಟರ್ ಕೇರ್ ಎಂದು ಹೆಸರು. ಇದನ್ನು ದತ್ತು ಸ್ವೀಕಾರದೊಡನೆ ಬೆರೆಸಬಾರದು. ದತ್ತಿನಲ್ಲಿ ಮಗುವಿನ ಮೇಲಿನ ಹಕ್ಕುಬಾಧ್ಯತೆಗಳೆಲ್ಲವೂ ಶಾಶ್ವತವಾಗಿ ಹೊಸ ತಂದೆತಾಯಿಯರಿಗೆ ವರ್ಗವಾಗುತ್ತವೆ. ಪೋಷಕತ್ವದಲ್ಲಿ ಮಗು ನಂಬಿಕೆಯ ಮೇಲೆ ಒಪ್ಪಿಸಿದ ಇಡುಗಂಟಿನಂತೆ. ಇಟ್ಟುಕೊಂಡವರು ಅದನ್ನು ಕಣ್ಣಿನಂತೆ ಕಾಯಬೇಕು. ಆದರೆ ಅದು ತಮ್ಮದೆಂದು ಮರೆತು ನಡೆಯಬಾರದು.

ಭಾರತದಲ್ಲಿ ಇದಕ್ಕೆ ಆಧಾರ ೨೦೧೫ರ ಬಾಲನ್ಯಾಯ ಕಾಯ್ದೆ. ಅದರ ೪೪ನೆಯ ಕಲಮು ಪೋಷಕತ್ವವನ್ನು ಕುರಿತದ್ದು. ನಿರ್ಧಾರ ಕೈಗೊಳ್ಳುವುದು ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಈ ಸಮಿತಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಲೇಬೇಕು. ಸಾಕುವ ಕುಟುಂಬವನ್ನು ಆರಿಸುವುದು, ಅಣ್ಣತಮ್ಮ ಅಕ್ಕತಂಗಿಯರನ್ನು ಸಾಧ್ಯವಾದಮಟ್ಟಿಗೆ ಒಟ್ಟಿಗೆ ಇರಿಸುವುದು, ಪ್ರತಿ ತಿಂಗಳೂ ಆ ಮನೆಯ ತಪಾಸಣೆ ನಡೆಸುವುದು ಇವೆಲ್ಲವನ್ನೂ ಕಲಮು ವಿಧಿಸುತ್ತದೆ. ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು ಇದೇ ಕಲಮಿನ ಇನ್ನೊಂದು ಮಾತು: ಅನರ್ಹರೆಂದೋ ಅಶಕ್ತರೆಂದೋ ನಿರ್ಣಯವಾದ ತಂದೆತಾಯಿಯರೂ ಸಹ ಸಾಕುಮನೆಯಲ್ಲಿರುವ ತಮ್ಮ ಮಗುವನ್ನು ನಿಯತ ಕಾಲಗಳಲ್ಲಿ ಭೇಟಿ ಮಾಡಬಹುದು. ಭೇಟಿ ಮಗುವಿನ ಹಿತಕ್ಕೆ ವಿರುದ್ಧವೆಂದು ಸಮಿತಿಗೆ ತೋರಿದರೆ ತಡೆಯಬಹುದು. ಆದರೆ ಕಾರಣಗಳನ್ನು ಬರೆದಿಡಬೇಕು. ತಂದೆತಾಯಿಯರು ಮತ್ತೆ ಸಮರ್ಥರಾದರೆಂದು ಕಂಡುಬಂದಾಗ ಮಗು ಅವರ ಮನೆಗೆ ಮರಳಬಹುದು.

ಎಂದರೆ ಭೇಟಿ ರೂಢಿ, ತಡೆ ಅಪವಾದ. ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೯ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಹೆತ್ತವರಿಂದ ಬೇರ್ಪಟ್ಟ ಮಗುವಿಗೆ ಅವರೊಡನೆ ನಿಯತವಾದ ನೇರ ಸಂಪರ್ಕವಿರಿಸಿಕೊಳ್ಳುವ ಹಕ್ಕು ಉಂಟು, ತನ್ನ ಹಿತಕ್ಕೆ ಕೇಡಾಗದ ಹೊರತು. ಭಾರತ ಈ ಒಡಂಬಡಿಕೆಗೆ ೧೯೯೨ರಲ್ಲಿ ಸೇರಿತು. ಗಮನಿಸಬೇಕಾದದ್ದೇನೆಂದರೆ, ಇಲ್ಲಿ ಹಕ್ಕು ಮಗುವಿನದು. ಭೇಟಿಯೆಂಬುದು ತಂದೆತಾಯಿಯರಿಗೆ ಕೊಡುವ ಬಹುಮಾನವೂ ಅಲ್ಲ, ಅದನ್ನು ತಡೆಯುವುದು ಅವರಿಗೆ ವಿಧಿಸುವ ದಂಡನೆಯೂ ಅಲ್ಲ.

'ಭೇಟಿಯಿಂದ ಮಗು ಅಳುತ್ತದೆ' ಎಂಬ ಆಕ್ಷೇಪಣೆ

ಭೇಟಿಗೆ ಎದುರಾಗಿ ಹೆಚ್ಚಾಗಿ ಕೇಳಿಬರುವ ಮಾತು ಇದು. "ಮಗು ಚೆನ್ನಾಗಿ ಹೊಂದಿಕೊಂಡಿತ್ತು. ತಾಯಿ ಬಂದು ಹೋದ ಮೇಲೆ ಎರಡು ದಿನ ಊಟ ಬಿಟ್ಟಿತು, ರಾತ್ರಿ ಹಾಸಿಗೆ ಒದ್ದೆ ಮಾಡಿತು. ಇನ್ನು ಆಕೆ ಬರದಿದ್ದರೇ ವಾಸಿ." ಈ ಮಾತು ಹೊಸದಲ್ಲ. ಸುಮಾರು ಎಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇದೇ ಮಾತು ಕೇಳಿಬರುತ್ತಿತ್ತು.

ಆ ಕಾಲದಲ್ಲಿ ಅಲ್ಲಿನ ಮಕ್ಕಳ ವಾರ್ಡುಗಳಿಗೆ ತಂದೆತಾಯಿಯರಿಗೆ ಪ್ರವೇಶ ತೀರ ಕಡಿಮೆ; ವಾರಕ್ಕೊಮ್ಮೆ ಮಾತ್ರ ಬಿಡುವ ಆಸ್ಪತ್ರೆಗಳಿದ್ದವು. ತಾಯಿ ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ. ಆದ್ದರಿಂದ ಬಾರದಿರುವುದೇ ಒಳಿತೆಂದು ದಾದಿಯರ ತರ್ಕ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಡಾ. ಜಾನ್ ಬೌಲ್ಬಿಯವರೊಡನೆ ಕೆಲಸ ಮಾಡುತ್ತಿದ್ದ ಸಮಾಜ ಕಾರ್ಯಕರ್ತ ಜೇಮ್ಸ್ ರಾಬರ್ಟ್‌ಸನ್ ಈ ತರ್ಕವನ್ನು ಒಪ್ಪಲಿಲ್ಲ. ಸಣ್ಣದೊಂದು ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದೊಳಗಿನ ಲಾರಾ ಎಂಬ ಬಾಲಕಿಯ ಚಲನಚಿತ್ರವನ್ನು ಅವರು ತೆಗೆದರು. ೧೯೫೨ರಲ್ಲಿ ಅದನ್ನು ವೈದ್ಯರ ಮುಂದೆ ತೋರಿಸಿದಾಗ ಹಲವರು ಕೋಪಗೊಂಡರು. ಲಾರಾ ಹೆಚ್ಚು ಅಳುವ ಮಗುವಲ್ಲ. ಆದರೆ ಆ ಸುಮ್ಮನಿರುವಿಕೆಯ ಹಿಂದಿನ ಸಂಕಟವನ್ನು ಚಿತ್ರ ಕಣ್ಣಿಗೆ ಕಟ್ಟುವಂತೆ ತೋರಿಸಿತು.

ತಾಯಿಯಿಂದ ಅಗಲಿದ ಎಳೆಯ ಮಗು ಮೂರು ಹಂತಗಳನ್ನು ದಾಟುತ್ತದೆಂದು ರಾಬರ್ಟ್‌ಸನ್ ಮತ್ತು ಬೌಲ್ಬಿ ಗುರುತಿಸಿದರು. ಮೊದಲನೆಯದು ಪ್ರತಿಭಟನೆ: ಮಗು ಅಳುತ್ತದೆ, ಕೂಗುತ್ತದೆ, ಬಾಗಿಲತ್ತ ನೋಡುತ್ತದೆ. ಎರಡನೆಯದು ಹತಾಶೆ: ಕೂಗು ನಿಲ್ಲುತ್ತದೆ, ಮಗು ಮಂಕಾಗುತ್ತದೆ. ಮೂರನೆಯದು ವಿಮುಖತೆ: ಮಗು ಆಡುತ್ತದೆ, ಉಣ್ಣುತ್ತದೆ, ಯಾರು ಬಂದರೂ ನಗುತ್ತದೆ, ತಾಯಿ ಬಂದರೆ ಮಾತ್ರ ಗುರುತೇ ಇಲ್ಲದಂತೆ ಮುಖ ತಿರುಗಿಸುತ್ತದೆ. ದಾದಿಯರು 'ಹೊಂದಿಕೊಂಡಿತು' ಎಂದು ಸಂತೋಷಪಡುತ್ತಿದ್ದುದು ಈ ಮೂರನೆಯ ಹಂತವನ್ನು ಕಂಡು. ೧೯೫೯ರಲ್ಲಿ ಪ್ಲಾಟ್ ಸಮಿತಿಯ ವರದಿ ಮಕ್ಕಳ ವಾರ್ಡುಗಳಲ್ಲಿ ತಂದೆತಾಯಿಯರ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು. ಇಂದು ಮಗುವಿನ ಹಾಸಿಗೆಯ ಪಕ್ಕದಲ್ಲಿ ತಾಯಿ ಮಲಗಲು ಅವಕಾಶವಿದ್ದರೆ ಅದರ ಹಿಂದೆ ಈ ಹೋರಾಟವಿದೆ.

ಮುಂದೆ ೧೯೬೦ರ ದಶಕದ ಉತ್ತರಾರ್ಧದಲ್ಲಿ ಜೇಮ್ಸ್ ಮತ್ತು ಅವರ ಪತ್ನಿ ಜಾಯ್ಸ್ ರಾಬರ್ಟ್‌ಸನ್ ತಾವೇ ಸಾಕುತಂದೆತಾಯಿಗಳಾದರು. ತಾಯಿ ಎರಡನೆಯ ಹೆರಿಗೆಗೆಂದು ಆಸ್ಪತ್ರೆ ಸೇರಿದಾಗ ಒಬ್ಬೊಂಟಿಯಾದ ನಾಲ್ಕು ಎಳೆಯ ಮಕ್ಕಳನ್ನು ಒಂದೊಂದಾಗಿ ತಮ್ಮ ಮನೆಯಲ್ಲಿರಿಸಿಕೊಂಡರು. ಹದಿನೇಳು ತಿಂಗಳ ಜೇನ್ ಹತ್ತು ದಿನವಿದ್ದಳು. ಸುಮಾರು ಎರಡೂವರೆ ವರ್ಷದ ಕೇಟ್ ಇಪ್ಪತ್ತೇಳು ದಿನವಿದ್ದಳು. ಮಗುವನ್ನು ಮೊದಲೇ ಪರಿಚಯ ಮಾಡಿಕೊಂಡರು. ಅದರ ಹೊದಿಕೆ, ಆಟಿಕೆ, ತಾಯಿಯ ಭಾವಚಿತ್ರ ಜೊತೆಗೆ ಬಂದವು. ತಾಯಿಯ ಮಾತನ್ನು ದಿನವೂ ಆಡುತ್ತಿದ್ದರು. ತಂದೆಯ ಭೇಟಿಗೆ ತಡೆಯಿರಲಿಲ್ಲ. ಮಕ್ಕಳು ಕಷ್ಟಪಟ್ಟರೂ ತಾಳಿಕೊಂಡರು, ತಾಯಿ ಮರಳಿದಾಗ ಸ್ವೀಕರಿಸಿದರು. ಅದೇ ಹದಿನೇಳು ತಿಂಗಳ ಜಾನ್ ಎಂಬ ಇನ್ನೊಂದು ಮಗು ಒಂಬತ್ತು ದಿನ ಶಿಶುಗೃಹವೊಂದರಲ್ಲಿತ್ತು. ದಾದಿಯರು ಒಳ್ಳೆಯವರೇ, ಆದರೆ ಪಾಳಿ ಬದಲಾದಂತೆ ಬದಲಾಗುವವರು. ಮಗುವಿಗೆ ನಿಶ್ಚಿತವಾದ ಒಂದು ಮಡಿಲಿರಲಿಲ್ಲ. ತಾಯಿ ಮರಳಿ ಬಂದಾಗ ಜಾನ್ ಆಕೆಯ ಮಡಿಲಿಗೆ ಹೋಗದೆ ಚೀರಿ ಅತ್ತ.

ಈ ಅಧ್ಯಯನಗಳ ತಾತ್ಪರ್ಯ ಸ್ಪಷ್ಟ. ಭೇಟಿಯ ನಂತರದ ಅಳು ಅನೇಕ ವೇಳೆ ರೋಗವಲ್ಲ; ಬಾಂಧವ್ಯ ಇನ್ನೂ ಜೀವಂತವಾಗಿದೆಯೆಂಬುದರ ಲಕ್ಷಣ. ಅಳದ ಮಗುವೆಲ್ಲ ಸುಖವಾಗಿದೆಯೆಂದು ಭಾವಿಸುವುದು ತಪ್ಪು.

ಅಳುವಿಗೆ ಇನ್ನೊಂದು ಅರ್ಥ

ಹಾಗೆಂದು ಎಲ್ಲ ಅಳುವೂ ಪ್ರೀತಿಯ ಅಳುವಲ್ಲ. ಇದನ್ನು ಮರೆತದ್ದರ ಬೆಲೆಯನ್ನು ಅದೇ ಇಂಗ್ಲೆಂಡ್ ತೆತ್ತಿತು. ಬ್ರೈಟನ್ ನಗರದ ಮರಿಯಾ ಕೋಲ್ವೆಲ್ ಎಂಬ ಬಾಲಕಿ ಹಸುಗೂಸಾಗಿದ್ದಾಗಿನಿಂದ ಸೋದರತ್ತೆಯ ಮನೆಯಲ್ಲಿ ಪೋಷಕತ್ವದ ಆಶ್ರಯದಲ್ಲಿ ಬೆಳೆದಿದ್ದಳು. ೧೯೭೧ರಲ್ಲಿ ಆಕೆಯನ್ನು ಹೆತ್ತ ತಾಯಿ ಹಾಗೂ ಮಲತಂದೆಯ ಮನೆಗೆ ಮರಳಿಸಲಾಯಿತು. ಹೋಗಲು ಒಲ್ಲೆನೆಂದು ಮಗು ತೋರಿದ ಸಂಕಟವನ್ನು ಹಿರಿಯರು ಗಂಭೀರವಾಗಿ ಪರಿಗಣಿಸಲಿಲ್ಲ. ರಕ್ತಸಂಬಂಧ ತಾನಾಗಿಯೇ ಎಲ್ಲವನ್ನೂ ಸರಿಪಡಿಸುವುದೆಂದು ನಂಬಿದರು. ನೆರೆಹೊರೆಯವರು, ಶಾಲೆಯ ಶಿಕ್ಷಕಿ ಎಚ್ಚರಿಸಿದರೂ ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಲುಪಲಿಲ್ಲ. ೧೯೭೩ರ ಜನವರಿಯಲ್ಲಿ, ಏಳನೆಯ ವಯಸ್ಸಿನಲ್ಲಿ, ಮಲತಂದೆಯ ಹೊಡೆತಗಳಿಂದ ಆ ಮಗು ಸತ್ತಿತು. ೧೯೭೪ರ ವಿಚಾರಣಾ ವರದಿ ಇಡೀ ದೇಶವನ್ನು ಕಲಕಿತು.

'ಹೆತ್ತವಳಿಗೆ ಹೆಗ್ಗಣ ಮುದ್ದು' ಎಂಬ ಗಾದೆ ಬಹುಪಾಲು ನಿಜ. ಆದರೆ ಬಹುಪಾಲು ನಿಜವಾದದ್ದು ಯಾವಾಗಲೂ ನಿಜವಲ್ಲ. ಅಗಲಿಕೆಯ ಅಳು ಒಂದು, ಭಯದ ಅಳು ಇನ್ನೊಂದು. ಮೊದಲನೆಯದನ್ನು ಎರಡನೆಯದೆಂದು ತಿಳಿದರೆ ಮಗು ತನ್ನ ತಂದೆತಾಯಿಯರನ್ನು ಕಳೆದುಕೊಳ್ಳುತ್ತದೆ. ಎರಡನೆಯದನ್ನು ಮೊದಲನೆಯದೆಂದು ತಿಳಿದರೆ ಪ್ರಾಣವನ್ನೇ ಕಳೆದುಕೊಳ್ಳಬಹುದು. ಈ ಎರಡನ್ನೂ ಬೇರ್ಪಡಿಸಿ ಅರಿಯುವುದಕ್ಕಾಗಿಯೇ ಭೇಟಿಗೆ ಮೇಲ್ವಿಚಾರಣೆ ಬೇಕು. ಅದರ ಉದ್ದೇಶ ಪಹರೆಯಲ್ಲ, ವಿವೇಚನೆ.

ಇಲ್ಲಿ ಅಮೆರಿಕೆಯ ಒಂದು ಅಧ್ಯಯನವನ್ನೂ ನೆನೆಯಬೇಕು. ೧೯೬೬ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಪೋಷಕತ್ವಕ್ಕೆ ಸೇರಿದ ೬೨೪ ಮಕ್ಕಳನ್ನು ಡೇವಿಡ್ ಫ್ಯಾನ್‌ಶೆಲ್ ಮತ್ತು ಯೂಜೀನ್ ಶಿನ್ ಎಂಬ ಸಂಶೋಧಕರು ಐದು ವರ್ಷ ಹಿಂಬಾಲಿಸಿ, ೧೯೭೮ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆತಾಯಿಯರು ತಪ್ಪದೆ ಭೇಟಿಗೆ ಬರುತ್ತಿದ್ದ ಮಕ್ಕಳು ಮನೆಗೆ ಮರಳುವ ಸಂಭವ ಇತರರಿಗಿಂತ ಬಹಳ ಹೆಚ್ಚೆಂದು ಕಂಡಿತು. ಸಮರ್ಥರಾದ ತಂದೆತಾಯಿಯರೇ ಹೆಚ್ಚಾಗಿ ಬಂದಿರಬಹುದು. ಭೇಟಿಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಆದರೂ ಭೇಟಿ ನಿಂತುಹೋದ ಮಗುವಿನ ಹಾದಿ ಮನೆಯಿಂದ ದೂರ ಸರಿಯುತ್ತದೆಂಬುದು ಸಮಿತಿಗಳು ಮರೆಯಬಾರದ ಸಂಗತಿ.

ಒಂದು ಗಂಟೆಯ ಭೇಟಿ

ಒಂದು ಕಲ್ಪಿತ ನಿದರ್ಶನದಿಂದ ವಿಷಯ ಸ್ಪಷ್ಟವಾಗುವುದು. ಯಾದಗಿರಿಯ ಕಡೆಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬವೊಂದಿದೆಯೆಂದು ಭಾವಿಸೋಣ. ತಾಯಿಗೆ ಮನೋವ್ಯಾಧಿ, ಚಿಕಿತ್ಸೆ ನಡೆಯುತ್ತಿದೆ. ತಂದೆಗೆ ಕುಡಿತ, ಕುಡಿದಾಗ ಕೈ ಮಾಡಿದ್ದೂ ಉಂಟು. ಐದು ವರ್ಷದ ಮಗಳನ್ನು ಸಮಿತಿ ಒಂದು ಮರಾಠಿ ಕುಟುಂಬದ ವಶಕ್ಕೆ ಒಪ್ಪಿಸಿದೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಹನ್ನೊಂದರಿಂದ ಹನ್ನೆರಡರವರೆಗೆ, ಒಬ್ಬ ಸಮಾಜ ಕಾರ್ಯಕರ್ತೆಯ ಸಮ್ಮುಖದಲ್ಲಿ ಭೇಟಿ.

ಮೇಲ್ವಿಚಾರಕಿಯ ಕೆಲಸ ಭೇಟಿಗೆ ಮೊದಲೇ ಆರಂಭವಾಗುತ್ತದೆ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ತಂದೆತಾಯಿಯರಿಗೆ ಗೌರವದಿಂದ ತಿಳಿಸಬೇಕು. ಕುಡಿದು ಬಂದರೆ ಅಂದಿನ ಭೇಟಿ ಇಲ್ಲ. ಮಗುವನ್ನು ಕೋಣೆಯಿಂದ ಹೊರಗೆ ಒಯ್ಯುವಂತಿಲ್ಲ. ಸಾಕುಮನೆಯ ವಿಳಾಸವನ್ನು ಗುಟ್ಟಾಗಿರಿಸಲು ಸಮಿತಿ ಹೇಳಿದ್ದರೆ ಅದನ್ನು ಮಗುವಿನ ಬಾಯಿಂದ ಹೊರಡಿಸುವಂತಿಲ್ಲ. ಮನೆಯಿಂದ ತಂದ ತಿಂಡಿಯನ್ನು ಕೊಡಬಹುದು. ಮಗುವಿಗೆ ಒಗ್ಗದ್ದೇನಾದರೂ ಇದೆಯೇ ಎಂದು ಸಾಕುತಾಯಿಯನ್ನು ಮೊದಲೇ ಕೇಳಿರಬೇಕು. ಕೋಣೆಯಲ್ಲಿ ಮೇಜುಕುರ್ಚಿಗಿಂತ ಚಾಪೆ ಲೇಸು. ಒಂದೆರಡು ಆಟಿಕೆ, ಬಣ್ಣದ ಪೆನ್ಸಿಲು, ಒಂದು ಬಾಚಣಿಗೆ ಇರಲಿ. ಸುಮ್ಮನೆ ಎದುರುಬದುರು ಕುಳಿತು ಮಗುವಿನೊಡನೆ ಗಂಟೆಗಟ್ಟಲೆ ಮಾತನಾಡುವುದು ಯಾವ ತಾಯಿಗೂ ಸುಲಭವಲ್ಲ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ.

ಮಗುವಿಗೂ ಮೊದಲೇ ತಿಳಿಸಬೇಕು. ಇಂದು ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಆಮೇಲೆ ಯಾರೊಡನೆ ಎಲ್ಲಿಗೆ ಹೋಗುವುದು ಎಂಬ ಮೂರು ಸಂಗತಿಗಳು ಅದಕ್ಕೆ ಗೊತ್ತಿರಬೇಕು. ತಂದೆತಾಯಿಯರು ಕೋಣೆಗೆ ಬಂದು ಕುಳಿತ ಮೇಲೆಯೇ ಮಗುವನ್ನು ಕರೆತರುವುದು ಕ್ಷೇಮ. ಬರುವರೆಂದು ಬಾಗಿಲು ಕಾದು ಕುಳಿತ ಮಗುವಿಗೆ, ಬಾರದ ತಾಯಿಗಿಂತ ದೊಡ್ಡ ಪೆಟ್ಟು ಬೇರೊಂದಿಲ್ಲ.

ಭೇಟಿಯ ಸಮಯದಲ್ಲಿ ಮೇಲ್ವಿಚಾರಕಿ ಕೈಗೆಟುಕುವಷ್ಟು ಹತ್ತಿರ, ಕಣ್ಣಿಗೆ ಚುಚ್ಚದಷ್ಟು ದೂರ ಕೂರಬೇಕು. ಆಟ ಸಾಗುತ್ತಿದ್ದರೆ ತಾನಿಲ್ಲವೆಂಬಂತೆ ಇರಬೇಕು. ತಾಯಿ ತೋಚದೆ ಕುಳಿತರೆ "ಜಡೆ ಹಾಕುತ್ತೀರಾ?" ಎಂದು ಬಾಚಣಿಗೆ ಮುಂದಿಡಬೇಕು. ಮಗು ಹತ್ತಿರ ಹೋಗಲು ಹಿಂಜರಿದರೆ ತಳ್ಳಬಾರದು. 'ಹೋಗು, ಅವ್ವನಿಗೆ ಮುತ್ತು ಕೊಡು' ಎಂಬ ಒತ್ತಾಯ ಮಗುವಿಗೂ ಒಳ್ಳೆಯದಲ್ಲ, ಅವ್ವನಿಗೂ ಮರ್ಯಾದೆಯಲ್ಲ.

ಮಧ್ಯೆ ಪ್ರವೇಶಿಸಲೇಬೇಕಾದ ಸಂದರ್ಭಗಳೂ ಇವೆ. ಬೆದರಿಕೆ, ಹೊಡೆತ, ಅಸಹ್ಯ ಸ್ಪರ್ಶ ಇವು ಕಂಡೊಡನೆ ಭೇಟಿ ನಿಲ್ಲಬೇಕೆಂಬುದನ್ನು ಹೇಳಬೇಕಾಗಿಲ್ಲ. ಅದಕ್ಕಿಂತ ಸೂಕ್ಷ್ಮವಾದದ್ದು ಹುಸಿ ಭರವಸೆ. "ನನ್ನವ್ವಾ, ಮುಂದಿನ ವಾರ ಊರಿಗೆ ಕರಕೊಂಡು ಹೋಗ್ತೀನಿ, ಜಾತ್ರಿ ತೋರಸ್ತೀನಿ" ಎಂದು ತಂದೆ ಹೇಳಿದನೆನ್ನಿ. ಅದರಲ್ಲಿ ಕೇಡಿನ ಉದ್ದೇಶವೇನೂ ಇಲ್ಲ. ಬರಿಗೈಯಲ್ಲಿ ಬಂದ ತಂದೆಗೆ ಕೊಡಲು ಬೇರೇನೂ ಇಲ್ಲ. ಆದರೆ ಮಗು ಆ ವಾರವನ್ನು ಎಣಿಸುತ್ತದೆ. ಆಗ ಮೇಲ್ವಿಚಾರಕಿ ತಂದೆಯನ್ನು ಮಗುವಿನ ಮುಂದೆ ಗದರಿಸದೆ, "ಊರಿಗೆ ಯಾವಾಗ ಹೋಗುವುದೆಂದು ದೊಡ್ಡವರು ಕೂತು ಮಾತಾಡಬೇಕು ಮರಿ. ಅಪ್ಪ ಇನ್ನೊಂದು ಶನಿವಾರ ನಿನ್ನನ್ನು ನೋಡಲು ಬರುತ್ತಾರೆ" ಎಂದು ನಿಜವನ್ನು ನಯವಾಗಿ ಹೇಳಬೇಕು. ತಂದೆಗೆ ಹೇಳಬೇಕಾದದ್ದನ್ನು ಭೇಟಿ ಮುಗಿದ ಮೇಲೆ ಬೇರೆಯಾಗಿ ಹೇಳಬೇಕು.

ಮುಕ್ತಾಯವೇ ಕಠಿಣ ಘಟ್ಟ. ಹತ್ತು ನಿಮಿಷ ಉಳಿದಿರುವಾಗಲೇ ಸೂಚನೆ ಕೊಡಬೇಕು. ಪ್ರತಿ ಸಲವೂ ಒಂದೇ ಬಗೆಯ ಬೀಳ್ಕೊಡುಗೆ ಇದ್ದರೆ ಮಗುವಿಗೆ ಧೈರ್ಯ. ಒಂದು ಹಾಡು, ಒಂದು ಕೈಬೀಸು, ಏನಾದರೂ ಸರಿ. ಮಗು ಬೇರೆಡೆ ನೋಡುತ್ತಿರುವಾಗ ತಾಯಿ ಸದ್ದಿಲ್ಲದೆ ಹೊರಟುಹೋಗುವುದು ನಮ್ಮ ಮನೆಗಳಲ್ಲಿ ರೂಢಿಯಾಗಿರುವ ಉಪಾಯ. ಸಾಕುಮನೆಯ ಮಗುವಿಗೆ ಇದು ಸಲ್ಲದು. ತಾಯಿ ಕಣ್ಣೆದುರಿಗೇ ಹೋಗಲಿ, ಮಗು ಅಳಲಿ. ಮಾಯವಾದ ತಾಯಿಗಿಂತ ಹೇಳಿ ಹೋದ ತಾಯಿ ಮೇಲು.

ಬರೆದಿಡುವ ಕ್ರಮ

ಸಮಿತಿಯ ಸದಸ್ಯರು ಭೇಟಿಯ ಕೋಣೆಯಲ್ಲಿ ಇರುವುದಿಲ್ಲ. ಅವರಿಗೆ ಆಧಾರ ಮೇಲ್ವಿಚಾರಕಿಯ ಟಿಪ್ಪಣಿ. ಲೆಕ್ಕದ ಪುಸ್ತಕಕ್ಕೆ ಇರುವ ನಿಯಮವೇ ಇದಕ್ಕೂ ಅನ್ವಯಿಸುತ್ತದೆ: ಅಂದಿನದನ್ನು ಅಂದೇ ಬರೆಯಬೇಕು, ನಡೆದದ್ದನ್ನೇ ಬರೆಯಬೇಕು, ಅಭಿಪ್ರಾಯವನ್ನು ಬೇರೆ ಕಡೆ ಬರೆಯಬೇಕು. 'ತಾಯಿಗೆ ಮಗುವಿನ ಮೇಲೆ ಮಮತೆ ಸಾಲದು' ಎಂಬುದು ಟಿಪ್ಪಣಿಯಲ್ಲ, ತೀರ್ಪು. '೧೧-೧೦ಕ್ಕೆ ತಾಯಿ ಬಂದರು. ಮಗು ಮೊದಲು ಹತ್ತಿರ ಹೋಗಲಿಲ್ಲ. ೧೧-೨೫ಕ್ಕೆ ತಾಯಿ ಜಡೆ ಹಾಕತೊಡಗಿದರು. ಮಗು ಅವರ ಮೊಣಕಾಲಿಗೆ ಒರಗಿತು. ಹೊರಡುವಾಗ ಸೆರಗು ಹಿಡಿದು ಅತ್ತಿತು' ಎಂಬುದು ಟಿಪ್ಪಣಿ. ಮೊದಲನೆಯದನ್ನು ಓದಿದವರು ತಾಯಿಯನ್ನು ದೂರುತ್ತಾರೆ. ಎರಡನೆಯದನ್ನು ಓದಿದವರು ಮಗುವನ್ನು ಕಾಣುತ್ತಾರೆ.

ಭೇಟಿಯ ನಂತರದ ದಿನಗಳ ವಿವರವನ್ನು ಸಾಕುತಾಯಿ ಕೊಡಬೇಕು. ಊಟ ಬಿಡುವುದು, ಹೊಟ್ಟೆನೋವು, ಹಾಸಿಗೆಯಲ್ಲಿ ಮೂತ್ರ, ರಾತ್ರಿ ಬೆಚ್ಚಿ ಏಳುವುದು, ಸೆರಗು ಬಿಡದಿರುವುದು ಇವು ಸಾಮಾನ್ಯವಾಗಿ ಕಾಣಬಹುದಾದ ಪ್ರತಿಕ್ರಿಯೆಗಳು. ಒಂದೆರಡು ದಿನದಲ್ಲಿ ಇಳಿದು, ಭೇಟಿಗಳು ಸಾಗಿದಂತೆ ಕಡಿಮೆಯಾಗುತ್ತ ಬಂದರೆ, ಮತ್ತು ಮಗು 'ಅವ್ವ ಯಾವಾಗ ಬರ್ತಾಳೆ' ಎಂದು ಕೇಳುತ್ತಿದ್ದರೆ, ಅದು ಅಗಲಿಕೆಯ ನೋವೆಂದು ತಿಳಿಯಬಹುದು. ಭೇಟಿಯ ಹಿಂದಿನ ದಿನದಿಂದಲೇ ಮಗು ನಡುಗತೊಡಗಿದರೆ, ಅಡಗಿಕೊಂಡರೆ, ತಂದೆ ಅಥವಾ ತಾಯಿಯ ಮುಂದೆ ಕಲ್ಲಿನಂತೆ ನಿಂತುಬಿಟ್ಟರೆ, ಕೈಯೆತ್ತಿದೊಡನೆ ತಲೆ ಮುಚ್ಚಿಕೊಂಡರೆ, ಪ್ರತಿಕ್ರಿಯೆ ದಿನದಿಂದ ದಿನಕ್ಕೆ ಉಲ್ಬಣಿಸಿದರೆ ಅದನ್ನು ಭಯವೆಂದೇ ಭಾವಿಸಿ ಕೂಡಲೇ ಸಮಿತಿಗೆ ತಿಳಿಸಬೇಕು. ಹೊಟ್ಟೆನೋವು, ಮೂತ್ರದ ತೊಂದರೆಗಳನ್ನು ಮನಸ್ಸಿನದೆಂದು ತಳ್ಳಿಹಾಕದೆ ಮಕ್ಕಳ ವೈದ್ಯರಿಗೂ ತೋರಿಸಬೇಕು. ಒಂದು ಭೇಟಿಯಿಂದ ತೀರ್ಮಾನಕ್ಕೆ ಬರುವುದು ಸಲ್ಲದು. ಆದರೆ ಅಪಾಯದ ಸುಳಿವಿದ್ದಾಗ ಹತ್ತು ಭೇಟಿ ಕಾಯುವುದೂ ಸಲ್ಲದು.

ಸಾಕುತಾಯಿಯ ಔದಾರ್ಯ

ಇಡೀ ವ್ಯವಸ್ಥೆಯಲ್ಲಿ ಸಾಕುತಾಯಿಯ ಪಾತ್ರ ಹಿರಿದು. ಜ್ವರ ಬಂದಾಗ ರಾತ್ರಿಯಿಡೀ ಎದ್ದು ಕುಳಿತವಳು ಆಕೆ. ಎರಡು ವಾರಕ್ಕೊಮ್ಮೆ ಬಂದ ತಾಯಿಯನ್ನು ಕಂಡು ಮಗು ಅತ್ತಾಗ ಆಕೆಯ ಮನಸ್ಸು ನೋಯುವುದು ಸಹಜ. ಆದರೂ ಮಗುವಿನ ಮುಂದೆ ಹೆತ್ತವರನ್ನು ಹಳಿಯಬಾರದು. ತಾಯಿಯನ್ನು ಕೆಟ್ಟವಳೆಂದರೆ ಮಗು ತನ್ನನ್ನೇ ಕೆಟ್ಟವನೆಂದು ಭಾವಿಸುತ್ತದೆ. 'ಅವ್ವನಿಗೆ ಹುಷಾರಿಲ್ಲ, ಔಷಧ ತೆಗೆದುಕೊಳ್ಳುತ್ತಿದ್ದಾಳೆ, ನಿನ್ನನ್ನು ನೋಡಲು ಬರುತ್ತಾಳೆ' ಎಂಬಷ್ಟು ಸಾಕು. ತಾಯಿಯ ಒಂದು ಭಾವಚಿತ್ರ ಮಗುವಿನ ಹಾಸಿಗೆಯ ಬಳಿ ಇದ್ದರೆ ಸಾಕುತಾಯಿಯ ಸ್ಥಾನಕ್ಕೇನೂ ಕುಂದಿಲ್ಲ. ಇಬ್ಬರು ತಾಯಂದಿರನ್ನೂ ಪ್ರೀತಿಸಲು ಅನುಮತಿ ಸಿಕ್ಕಿದ ಮಗುವಿಗೆ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದ ಕಷ್ಟವಿಲ್ಲ.

ಮಹಾನಗರಗಳಲ್ಲಿ ಭಾಷೆಯ ಪ್ರಶ್ನೆ

ಹೊರನಾಡ ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ವಿಶೇಷ ಹೊಣೆಯಿದೆ. ಮುಂಬಯಿ, ಪುಣೆ, ಹೈದರಾಬಾದ್ ನಗರಗಳಿಗೆ ಉತ್ತರ ಕರ್ನಾಟಕದಿಂದ ದುಡಿಯಲು ಬರುವ ಕುಟುಂಬಗಳು ಬಹಳ. ಅಂಥ ಕುಟುಂಬದ ಮಗು ಸಾಕುಮನೆ ಸೇರಿದರೆ ಆ ಮನೆಯ ಭಾಷೆ ಸಾಮಾನ್ಯವಾಗಿ ಮರಾಠಿಯೋ ಹಿಂದಿಯೋ ತೆಲುಗೋ ಆಗಿರುತ್ತದೆ. ಎಳೆಯ ಮಗು ಹೊಸ ಭಾಷೆಯನ್ನು ಬೇಗ ಕಲಿಯುತ್ತದೆ. ಬಳಕೆಯಿಲ್ಲದ ಭಾಷೆಯನ್ನು ಅಷ್ಟೇ ಬೇಗ ಮರೆಯುತ್ತದೆ. ಒಂದು ವರ್ಷ ಕಳೆಯುವ ಹೊತ್ತಿಗೆ ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಗು ಮರಾಠಿಯಲ್ಲಿ ಉತ್ತರ ಕೊಡುವುದು, ಕೊನೆಗೆ ಇಬ್ಬರೂ ಸುಮ್ಮನೆ ಕೂರುವುದು ಆಶ್ಚರ್ಯವಲ್ಲ. ಆಗ ಭೇಟಿ ನಡೆಯುತ್ತದೆ, ಮಾತು ನಡೆಯುವುದಿಲ್ಲ.

ಇದಕ್ಕಿಂತಲೂ ಗಂಭೀರವಾದದ್ದು ಮೇಲ್ವಿಚಾರಕಿಗೆ ಕನ್ನಡ ಬಾರದಿರುವ ಸಂದರ್ಭ. ತಾಯಿ ಮಗುವಿನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳೆನ್ನಿ. ಅದು "ರಾತ್ರಿ ಹೆದರಬ್ಯಾಡ, ನಾ ಮತ್ತ ಬರ್ತೀನಿ" ಎಂಬ ಸಾಂತ್ವನವಿರಬಹುದು. "ಮನ್ಯಾಗ ಆದದ್ದು ಯಾರ ಮುಂದೂ ಹೇಳಬ್ಯಾಡ" ಎಂಬ ತಾಕೀತೂ ಇರಬಹುದು. ಕನ್ನಡ ತಿಳಿಯದವರ ಕಿವಿಗೆ ಎರಡೂ ಒಂದೇ ಪಿಸುಮಾತು. ಅನುಮಾನದಿಂದ 'ಹಿಂದಿಯಲ್ಲೇ ಮಾತಾಡಿ' ಎಂದು ಕಟ್ಟಳೆ ಮಾಡಿದರೆ ತಾಯಿಯ ನಾಲಗೆ ಕಟ್ಟಿಹೋಗುತ್ತದೆ. ಹೇಗಾದರಾಗಲೆಂದು ಬಿಟ್ಟರೆ ಮೇಲ್ವಿಚಾರಣೆ ಹೆಸರಿಗೆ ಮಾತ್ರ ಉಳಿಯುತ್ತದೆ. ಅಳುವಿನ ಎರಡು ಅರ್ಥಗಳನ್ನು ಬೇರ್ಪಡಿಸಬೇಕಾದವರಿಗೆ ಮಾತಿನ ಎರಡು ಅರ್ಥಗಳೇ ತಿಳಿಯದೆ ಹೋಗುತ್ತವೆ.

ಇದಕ್ಕೆ ಪರಿಹಾರ ದೂರದಲ್ಲಿಲ್ಲ. ಕನ್ನಡ ಸಂಘಗಳು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಪತ್ರ ಬರೆದು, ಕನ್ನಡ ಬಲ್ಲ, ಗುಟ್ಟು ಕಾಯಬಲ್ಲ ನಾಲ್ಕೈದು ಮಂದಿಯ ಹೆಸರನ್ನು ಒದಗಿಸಬಹುದು. ನಿವೃತ್ತ ಶಿಕ್ಷಕಿಯರು, ದಾದಿಯರು, ಬಿಡುವಿರುವ ಗೃಹಿಣಿಯರು ಇದಕ್ಕೆ ತಕ್ಕವರು. ಅವರ ಹಿನ್ನೆಲೆಯನ್ನು ಘಟಕ ಪರಿಶೀಲಿಸಿ ಒಪ್ಪಿಕೊಂಡ ಮೇಲೆ ತಿಂಗಳಿಗೆ ಎರಡು ಗಂಟೆ ಭೇಟಿಯ ಕೋಣೆಯಲ್ಲಿ ಕುಳಿತು ಮಾತನ್ನು ಇದ್ದದ್ದಿದ್ದಂತೆ ತಿಳಿಸಿದರೆ ಸಾಕು. ಅರ್ಹತೆಯಿರುವ ಕುಟುಂಬಗಳು ತಾವೇ ಸಾಕುಮನೆಯಾಗಲು ಅರ್ಜಿ ಹಾಕಬಹುದು. ಪೋಷಕತ್ವದ ಮಾದರಿ ಮಾರ್ಗಸೂಚಿಗಳು ೨೦೧೬ರಲ್ಲಿ ಹೊರಬಂದು ೨೦೨೪ರಲ್ಲಿ ಪರಿಷ್ಕೃತವಾಗಿವೆ. ಹೊಸ ಮಾರ್ಗಸೂಚಿಯಂತೆ ಒಂಟಿಯಾಗಿರುವವರೂ ಅರ್ಜಿ ಹಾಕಬಹುದಾಗಿದೆ. ಆಪತ್ತಿನಲ್ಲಿರುವ ಮಗು ಕಣ್ಣಿಗೆ ಬಿದ್ದಾಗ ಮಕ್ಕಳ ಸಹಾಯವಾಣಿ ೧೦೯೮ಕ್ಕೆ ಕರೆ ಮಾಡುವುದು ಎಲ್ಲರಿಂದಲೂ ಆಗುವ ಕೆಲಸ.

ನೆನಪಿಡಬೇಕಾದ ಅಂಶಗಳು

೧. ಹೆತ್ತವರ ಭೇಟಿ ಮಗುವಿನ ಹಕ್ಕು; ತಡೆಯಲು ಬರೆದಿಟ್ಟ ಕಾರಣ ಬೇಕು.

೨. ಅಳುವ ಮಗುವೆಲ್ಲ ಕಷ್ಟದಲ್ಲಿಲ್ಲ. ಸುಮ್ಮನಿರುವ ಮಗುವೆಲ್ಲ ಸುಖದಲ್ಲಿಲ್ಲ.

೩. ಅಗಲಿಕೆಯ ಅಳು ಕ್ರಮೇಣ ಇಳಿಯುತ್ತದೆ, ಮತ್ತೆ ಭೇಟಿಯನ್ನು ಬಯಸುತ್ತದೆ. ಭಯದ ಅಳು ಭೇಟಿಗೆ ಮೊದಲೇ ತೊಡಗಿ ಏರುತ್ತ ಹೋಗುತ್ತದೆ.

೪. ಹುಸಿ ಭರವಸೆ ಕೊಡಬಾರದು, ಕೊಡಲು ಬಿಡಬಾರದು.

೫. ಕಂಡದ್ದನ್ನು ಅಂದೇ ಬರೆಯಬೇಕು. ಊಹೆಯನ್ನು ಅದರೊಡನೆ ಬೆರೆಸಬಾರದು.

೬. ಮಗುವಿನ ತಾಯ್ನುಡಿ ಬಲ್ಲವರೊಬ್ಬರು ಭೇಟಿಯ ಕೋಣೆಯಲ್ಲಿರಬೇಕು.

ದೇವಕಿಗೆ ಸೆರೆಮನೆಯ ಬಾಗಿಲು ತೆರೆಯುವವರೆಗೆ ಮಗನ ಬಾಲ್ಯವೇ ಮುಗಿದುಹೋಗಿತ್ತು. ಇಂದಿನ ಕಾನೂನು ಆ ಬಾಗಿಲನ್ನು ತಿಂಗಳಿಗೆ ಒಂದೆರಡು ಗಂಟೆಯಾದರೂ ತೆರೆದಿಡಲು ಹೇಳುತ್ತದೆ. ಬಾಗಿಲ ಬಳಿ ಕುಳಿತವರು ಕಣ್ಣನ್ನೂ ಕಿವಿಯನ್ನೂ ತೆರೆದಿಟ್ಟುಕೊಂಡಿದ್ದರೆ, ಮಗು ಮನೆಗೆ ಮರಳುವ ದಿನ ಅದಕ್ಕೆ ತನ್ನ ಅವ್ವನ ಗುರುತು ಇರುತ್ತದೆ. ಮರಳಲಾಗದ ಮಗುವಿಗೂ ತಾನು ಯಾರ ಮಗುವೆಂಬ ಅರಿವು ಉಳಿಯುತ್ತದೆ.